ಬದು ಹಾಕದ ಹಿಮ

ನಮ್ಮೂರ ಕಡೆ ಒಂದು ಮಾತಿದೆ: ಸರ್ವೆಯಲ್ಲಿ ಬದು ಸರಿಯಾಗಿ ಬೀಳದಿದ್ದರೆ ಮೊಮ್ಮಕ್ಕಳ ಕಾಲಕ್ಕೂ ಜಗಳ ತಪ್ಪಲ್ಲ. ಸಿಯಾಚಿನ್ ಕತೆಯೂ ಹೆಚ್ಚುಕಡಿಮೆ ಇಷ್ಟೇ.

1949ರ ಕರಾಚಿ ಒಪ್ಪಂದ ಕದನವಿರಾಮ ರೇಖೆಯನ್ನು ಒಂದು ಕಡೆ ನಿಲ್ಲಿಸಿ, ಅಲ್ಲಿಂದ ಉತ್ತರಕ್ಕೆ ಹಿಮನದಿಗಳವರೆಗೆ ಅಂತ ಹೇಳಿ ಕೈತೊಳೆದುಕೊಂಡಿತು. 1972ರ ನಿಯಂತ್ರಣ ರೇಖೆಯೂ ಎನ್‌ಜೆ 9842 ಎಂಬ ಬಿಂದುವಿಗೇ ನಿಂತಿತು. ಆ ಹಿಮದಲ್ಲಿ ಯಾರು ಹೋಗಿ ಕೂರ್ತಾರೆ ಅನ್ನೋ ಧೈರ್ಯ! 1984ರ ಏಪ್ರಿಲ್ 13ರಂದು ಆಪರೇಷನ್ ಮೇಘದೂತ್ ಶುರುವಾಯಿತು. ನಮ್ಮ ಸೈನ್ಯ ಹೋಗಿ ಕೂತಿತು, ಇವತ್ತಿಗೂ ಇಳಿದಿಲ್ಲ.

ಬಿನ್ನಿಪೇಟೆಯ ನಮ್ಮ ಬೀದಿಯಲ್ಲಿ ಡಿಸೆಂಬರಿನ ಚಳಿಗೆ ಒಂದು ಕಂಬಳಿ ಸಾಕು. ಅಲ್ಲಿ ಆರು ಸಾವಿರ ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕಿಂತ ಕಮ್ಮಿ. ನೀರು ಸುಮಾರು 80 ಡಿಗ್ರಿಗೇ ಕುದಿಯುತ್ತೆ, ತೆರೆದ ಪಾತ್ರೆಯಲ್ಲಿಟ್ಟ ಅನ್ನ ನೆಟ್ಟಗೆ ಬೇಯಲ್ಲ. ಗ್ಲೌಸ್ ಒಳಗಿನ ಬೆವರು ಹೆಪ್ಪುಗಟ್ಟಿದರೆ ಬೆರಳಿಗೇ ಕುತ್ತು. ಮೇಲೆ ಗಟ್ಟಿ ನೆಲದಂತೆ ಕಾಣುವ ಹಿಮದ ಕೆಳಗೆ ಆಳವಾದ ಬಿರುಕು. ಅದಕ್ಕೇ ಎಲ್ಲರೂ ಒಂದೇ ಹಗ್ಗಕ್ಕೆ ಕಟ್ಟಿಕೊಂಡು ನಡೀತಾರೆ. ಸಾಮಾನು ಸಾಗಿಸುವ ಚೀತಾ ಹೆಲಿಕಾಪ್ಟರ್ ನಮ್ಮ ಬೆಂಗಳೂರಿನ ಎಚ್‌ಎಎಲ್‌ದು. ಅದಕ್ಕೂ ಮೇಲೇರಿದಷ್ಟೂ ಹೊರುವ ಶಕ್ತಿ ಇಳಿಯುತ್ತೆ.

2003ರ ನವೆಂಬರ್‌ನಲ್ಲಿ ಕದನವಿರಾಮವಾಗಿ ಅಲ್ಲಿ ಬಂದೂಕು ಸುಮ್ಮನಾದವು. ಬೆಟ್ಟ ಸುಮ್ಮನಾಗಲಿಲ್ಲ. 2012ರ ಏಪ್ರಿಲ್‌ನಲ್ಲಿ ಗಯಾರಿಯಲ್ಲಿ ಪಾಕಿಸ್ತಾನದ 140 ಜನ ಹಿಮದಡಿ ಸಿಕ್ಕಿ ಸತ್ತರು. 2016ರ ಫೆಬ್ರವರಿ 3ರಂದು ಸೋನಂ ಪೋಸ್ಟ್‌ನಲ್ಲಿ 19 ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಹಿಮದಡಿ ಹೂತುಹೋದರು. ಮೂವರು ಕರ್ನಾಟಕದವರು: ಒಬ್ಬರು ಹಾಸನ, ಒಬ್ಬರು ಮೈಸೂರು, ಇನ್ನೊಬ್ಬರು ಕುಂದಗೋಳ ತಾಲ್ಲೂಕು ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ಆರು ದಿನ ಹಿಮದಡಿ ಇದ್ದೂ ಹನುಮಂತಪ್ಪ ಜೀವಂತ ಸಿಕ್ಕರು. ಇಡೀ ರಾಜ್ಯ ಹರಕೆ ಹೊತ್ತಿತು. ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು.

ಹಾಗಾದರೆ ಇಳಿದು ಬರಬಾರದಾ? ಈಗ ಯಾರು ಎಲ್ಲಿದ್ದಾರೆ ಅನ್ನೋದನ್ನು ಮೊದಲು ನಕ್ಷೆ ಮೇಲೆ ಗುರುತು ಹಾಕಿ ಒಪ್ಪಿಕೊಳ್ಳಿ, ಆಮೇಲೆ ಇಳಿಯೋಣ ಅಂತ ಭಾರತ. ಪಾಕಿಸ್ತಾನ ಅದಕ್ಕೆ ಒಪ್ಪಿಲ್ಲ. ಬಿಟ್ಟು ಬಂದರೆ ಇನ್ನೊಬ್ಬರು ಬಂದು ಕೂರ್ತಾರೆ ಅನ್ನೋ ಭಯ ಸುಳ್ಳಲ್ಲ. ಆದರೆ ಆ ಗೆರೆ ಎಳೆಯಬೇಕಾದವರು ಬೆಚ್ಚಗಿನ ಕೋಣೆಯಲ್ಲಿ ಮಾತಾಡುವವರು. ಅವರು ತಡಮಾಡಿದಷ್ಟೂ ದಿನ ಬೆಟದೂರಿನಂಥ ಊರುಗಳ ಹುಡುಗರು ಅಲ್ಲಿ ಹಗ್ಗ ಕಟ್ಟಿಕೊಂಡು ನಡೀತಿರಬೇಕು.