ಮೇಳ ಎಂಬ ಕೂಟ

2024ರ ಫೆಬ್ರುವರಿಯಲ್ಲಿ ‘ಶಕ್ತಿ’ ತಂಡಕ್ಕೆ ಗ್ರ್ಯಾಮಿ ಬಂದಾಗ ಎಲ್ಲೆಲ್ಲೂ ‘ಫ್ಯೂಷನ್ ಬ್ಯಾಂಡ್’ ಎಂಬ ಮಾತೇ. ಬ್ಯಾಂಡ್ ಅಂದರೆ ನನ್ನ ಕಣ್ಣಿಗೆ ಕಟ್ಟುವುದು ದಿಬ್ಬಣದ ಮುಂದೆ ಕೆಂಪು ಕೋಟು ತೊಟ್ಟು ತುತ್ತೂರಿ ಊದುವವರು. ಗಿಟಾರು, ಪಿಟೀಲು, ತಬಲಾ, ಘಟ ಹಿಡಿದು ಒಬ್ಬರ ಮುಖ ಒಬ್ಬರು ನೋಡುತ್ತಾ ನುಡಿಸುವ ನಾಲ್ಕೈದು ಜನಕ್ಕೆ ನಮ್ಮಲ್ಲಿ ಹಳೆಯ ಪದವೊಂದಿದೆ: ಮೇಳ.

ಕೂಡು, ಸೇರು ಎಂಬರ್ಥದ ಸಂಸ್ಕೃತ ‘ಮಿಲ್’ ಧಾತುವಿನ ಕುಡಿ ಇದು. ಲಕಾರ ನಮ್ಮ ಬಾಯಲ್ಲಿ ಳಕಾರವಾಯಿತು. ಸಂಗೀತಶಾಸ್ತ್ರದಲ್ಲಿ ಕೂಡುವುದು ಜನರಲ್ಲ, ಸ್ವರಗಳು. ವಿಜಯನಗರದ ಅಳಿಯ ರಾಮರಾಯನಿಗಾಗಿ ರಾಮಾಮಾತ್ಯ 1550ರಲ್ಲಿ ಬರೆದ ‘ಸ್ವರಮೇಳಕಲಾನಿಧಿ’ಯಲ್ಲಿ 20 ಮೇಳಗಳಿವೆ. ವೀಣೆಯ ತಂತಿ, ಮೆಟ್ಟಿಲು ಹೊಂದಿಸುವ ಬಗೆಗೂ ಅಲ್ಲಿ ಅದೇ ಹೆಸರು: ಶುದ್ಧಮೇಳ ವೀಣೆ, ಮಧ್ಯಮೇಳ ವೀಣೆ, ಮತ್ತೆ ಅಚ್ಯುತರಾಜೇಂದ್ರಮೇಳ ವೀಣೆ. ದೊರೆಯ ಹೆಸರು ಹೊತ್ತ ತಂತಿಗಳು! ಮುಂದಿನ ಶತಮಾನದಲ್ಲಿ ವೆಂಕಟಮಖಿ ಲೆಕ್ಕ ಹಾಕಿ ಮೇಳಗಳನ್ನು 72ಕ್ಕೆ ಮುಟ್ಟಿಸಿದ. ಆಗ ಬಳಕೆಯಲ್ಲಿದ್ದವು 19 ಮಾತ್ರ.

ಕರಾವಳಿಯಲ್ಲಿ ಮೇಳಕ್ಕೆ ಕೈಕಾಲು ಬಂದವು. ಅಲ್ಲಿ ಮೇಳವೆಂದರೆ ಯಕ್ಷಗಾನದ ತಂಡ. ಭಾಗವತರು, ಚೆಂಡೆ, ಮದ್ದಳೆ ಸೇರಿದರೆ ಹಿಮ್ಮೇಳ. ಕುಣಿದು ಮಾತಾಡುವ ವೇಷಧಾರಿಗಳು ಮುಮ್ಮೇಳ. ಪತ್ತನಾಜೆಯ ದಿನ ವರ್ಷದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಕಲಾವಿದರು ಮಳೆಗಾಲಕ್ಕೆ ‘ಚಿಕ್ಕಮೇಳ’ ಕಟ್ಟುತ್ತಾರೆ. ಸಂಜೆ ಮನೆಯವರು ದೀಪ ಹಚ್ಚಿಟ್ಟು ಕಾಯುತ್ತಾರೆ; ಒದ್ದೆ ಕೊಡೆ ಜಗಲಿಯಲ್ಲಿ ಬಿಟ್ಟು ಒಳಬಂದ ಎರಡು ವೇಷ ಚಾವಡಿಯಷ್ಟೇ ಜಾಗದಲ್ಲಿ ಕಾಲು ಗಂಟೆ ಕುಣಿದು, ಪಕ್ಕದ ಮನೆಗೆ ಹೊರಡುತ್ತವೆ. ರಂಗಸ್ಥಳಕ್ಕೆಂದು ಹುಟ್ಟಿದ ಚೆಂಡೆ ಆ ಹಂಚಿನ ಮಾಡಿನಡಿ ಎದೆಗೇ ಬಡಿಯುತ್ತದೆ. ಕೋಣೆಯೊಳಗಿನ ಸಂಗೀತ ಅಂದರೆ ನನಗೆ ಇದೇ.

ಆಮೇಲೆ ಪದ ಪೇಟೆಗೆ ಬಿತ್ತು. ಪುಸ್ತಕಮೇಳ, ಕೃಷಿಮೇಳ, ಉದ್ಯೋಗಮೇಳ. 1980ರ ದಶಕದಲ್ಲಿ ಕೇಂದ್ರ ಸಚಿವರಾಗಿದ್ದ ಜನಾರ್ದನ ಪೂಜಾರಿಯವರು ಸಾಲವನ್ನೂ ಮೇಳ ಮಾಡಿದರು. ಅವರೂ ಯಕ್ಷಗಾನದ ಜಿಲ್ಲೆಯವರೇ ಅನ್ನಿ.

‘ಶಕ್ತಿ’ಗೆ ಬರುತ್ತೇನೆ. ಅದರ ಮೊದಲ ಆಲ್ಬಂ ಧ್ವನಿಮುದ್ರಣವಾದದ್ದು 1975ರಲ್ಲಿ, ನ್ಯೂಯಾರ್ಕ್ ಸೀಮೆಯ ಕಾಲೇಜೊಂದರ ಸಂಗೀತ ಕಛೇರಿಯಲ್ಲಿ. ಗಿಟಾರುವಾದಕ ಜಾನ್ ಮೆಕ್‌ಲಾಫ್ಲಿನ್ ಈ ತಂಡಕ್ಕೆಂದೇ ಗಿಟಾರು ಮಾಡಿಸಿಕೊಂಡಿದ್ದರು. ಮೆಟ್ಟಿಲುಗಳ ನಡುವಿನ ಮರದಲ್ಲಿ ಹಳ್ಳ ತೋಡಿಸಿದ್ದು ತಂತಿ ಎಳೆದರೆ ಗಮಕ ಹೊರಡಲೆಂದು. ಮುಖ್ಯ ತಂತಿಗಳ ಕೆಳಗೆ ಓರೆಯಾಗಿ ಇನ್ನೂ ಏಳು ತಂತಿ, ಶ್ರುತಿ ಮಿಡಿಯಲು. ರಾಮಾಮಾತ್ಯ ಕಂಡಿದ್ದರೆ ಇದಕ್ಕೂ ಒಂದು ಮೇಳದ ಹೆಸರಿಡುತ್ತಿದ್ದನೇನೋ. ಫ್ಯೂಷನ್ ಅಂದರೆ ಕರಗಿಸಿ ಎರಕ ಹೊಯ್ಯುವ ಮಾತು. ಈ ಗಿಟಾರು ಕರಗಲಿಲ್ಲ, ಪಿಟೀಲಿನ ಪಕ್ಕ ಕೂರಲು ಮೈ ಕೆತ್ತಿಸಿಕೊಂಡಿತು, ಅಷ್ಟೆ.

ಇನ್ನು ತಬಲಾ, ಘಟ. ಕಛೇರಿಗಳಲ್ಲಿ ಪಕ್ಕವಾದ್ಯವೆನಿಸಿಕೊಂಡವು. ‘ಶಕ್ತಿ’ಯಲ್ಲಿ ಜಾಕಿರ್ ಹುಸೇನ್, ವಿಕ್ಕು ವಿನಾಯಕರಾಮ್ ಸವಾಲು ಜವಾಬಿಗೆ ಇಳಿದರೆಂದರೆ ಗಿಟಾರು ಮಡಿಲಲ್ಲಿ ಸುಮ್ಮನೆ ಮಲಗುತ್ತಿತ್ತು. ಆಗ ಮುಮ್ಮೇಳ ಅವರಿಬ್ಬರೇ.