ಹೊಳೆಸಾಲಿನ ದಾನ ಮತ್ತು ಒಂದು ಹೆಲಿಕಾಪ್ಟರ್

ಮಹಾಬಳೇಶ್ವರ, ಕೊಯ್ನಾ ಕಡೆ ಮಳೆ ಹಿಡಿಯಿತೆಂದರೆ ಚಿಕ್ಕೋಡಿ ಸೀಮೆಯ ಜನ ಹೊಳೆಯ ಮೇಲೆ ಕಣ್ಣಿಡುತ್ತಾರೆ. ಕಲ್ಲೋಳ–ಯಡೂರ, ಮಲಿಕವಾಡ–ದತ್ತವಾಡ, ಕಾರದಗಾ–ಭೋಜ, ಜತ್ರಾಟ–ಭೀವಶಿ ಹೀಗೆ ಸೇತುವೆಗಳು ಒಂದೊಂದಾಗಿ ಮುಳುಗುತ್ತವೆ. ಕುಡಚಿ–ಉಗಾರ ಸೇತುವೆಯ ಮೇಲೆ ನೀರು ಹರಿದರೆ ರಾಯಬಾಗ, ಕಾಗವಾಡಗಳ ನೇರ ದಾರಿಯೇ ಕಡಿಯುತ್ತದೆ. 2005, 2019, 2021ರ ನೆರೆಗಳನ್ನು ಇಲ್ಲಿ ಯಾರೂ ಮರೆತಿಲ್ಲ. ದನಕರು ಬಿಟ್ಟು ಬರಲೊಲ್ಲದೆ ತೋಟದ ವಸತಿಗಳಲ್ಲೇ ಉಳಿದ ಕುಟುಂಬಗಳು ನಡುಗಡ್ಡೆಯಲ್ಲಿ ಸಿಕ್ಕಿಕೊಳ್ಳುತ್ತವೆ.

ಅಂಥ ಹೊತ್ತಿನಲ್ಲಿ ಎನ್‌ಡಿಆರ್‌ಎಫ್, ಸೇನೆಯ ಬೋಟುಗಳೇ ಆಸರೆ. ಆದರೆ ಸೆಳವು ಬೋಟನ್ನೂ ಸೋಲಿಸುತ್ತದೆ. 2019ರ ಆಗಸ್ಟ್‌ನಲ್ಲಿ ತುಂಗಭದ್ರೆ ಉಕ್ಕಿ ವಿರೂಪಾಪುರಗಡ್ಡೆಯಲ್ಲಿ ಸಿಲುಕಿದ ಪ್ರವಾಸಿಗರಿಗಾಗಿ ಹೆಲಿಕಾಪ್ಟರ್‌ಗಳೇ ಬರಬೇಕಾಯಿತು. 2008ರಿಂದ ಓಡುತ್ತಿರುವ 108 ಆಂಬುಲೆನ್ಸ್ ಎಷ್ಟೋ ಜೀವ ಉಳಿಸಿದೆ, ನಿಜ. ಮುಳುಗಿದ ಸೇತುವೆ ದಾಟುವುದು ಅದಕ್ಕೂ ಆಗದು. ಬಾಣಂತಿಗೆ, ಹಾವು ಕಡಿದವನಿಗೆ, ಎದೆನೋವಿನ ಮುದುಕನಿಗೆ ಆಗ ಯಾರು ದಿಕ್ಕು?

ದಾನದಿಂದ ಆಸ್ಪತ್ರೆ ಕಟ್ಟಿದ ಇತಿಹಾಸ ಈ ಗಡಿಗೆ ಹೊಸದಲ್ಲ. ಕಾಗವಾಡ, ಅಥಣಿಯ ರೋಗಿಗಳು ತಲೆಮಾರುಗಳ ಕಾಲ ಹೋಗುತ್ತಿದ್ದ ಮೀರಜದ ಮಿಷನ್ ಆಸ್ಪತ್ರೆಯನ್ನು ಡಾ. ವಿಲಿಯಂ ವಾನ್ಲೆಸ್ 1894ರಲ್ಲಿ ಆರಂಭಿಸಿದ್ದು ದೂರದ ಅಮೆರಿಕದ ದಾನಿಗಳ ನೆರವಿನಿಂದ. ಬೆಳಗಾವಿಯಲ್ಲಿ 1916ರಲ್ಲಿ ಸಪ್ತರ್ಷಿಗಳೆಂದೇ ಹೆಸರಾದ ಏಳು ಸಂಸ್ಥಾಪಕರು ಹುಟ್ಟುಹಾಕಿದ ಕೆಎಲ್‌ಇ ಸಂಸ್ಥೆ ವಂಟಮುರಿಯ ರಾಜಾ ಲಖಮಗೌಡರಂಥ ದಾನಿಗಳಿಂದ ಬೆಳೆಯಿತು. ಇಂದು ಅದರ ಆಸ್ಪತ್ರೆಯೇ ಹೊಳೆಸಾಲಿನ ತಾಲ್ಲೂಕುಗಳಿಗೆ ದೊಡ್ಡ ಭರವಸೆ. ಇಷ್ಟಾದರೂ ಹೊಳೆ ತುಂಬಿದ ದಿನ ಆಸ್ಪತ್ರೆ ದೂರವೇ ಉಳಿಯುತ್ತದೆ.

ಆ ದೂರವನ್ನು ಜನರ ದಾನದಿಂದಲೇ ಹಾರುವ ಹೆಲಿಕಾಪ್ಟರ್ ದಾಟಬಲ್ಲದು. ಸ್ವಿಟ್ಜರ್ಲೆಂಡಿನ ‘ರೇಗಾ’ ವಾಯು ರಕ್ಷಣಾ ಸಂಸ್ಥೆ ಹುಟ್ಟಿದ್ದು 1952ರಲ್ಲಿ. ಹಣವಿಲ್ಲದೆ ಕಂಗೆಟ್ಟಾಗ ಅದು ಜನರ ಮುಂದೆಯೇ ಜೋಳಿಗೆ ಹಿಡಿಯಿತು; 1966ರಿಂದ ಮನೆಮನೆಯ ವಾರ್ಷಿಕ ವಂತಿಗೆಯೇ ಅದರ ಬಲ. ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲೂ 1987ರಿಂದ ಜನರ ದೇಣಿಗೆಯಿಂದ ಆಂಬುಲೆನ್ಸ್ ಹೆಲಿಕಾಪ್ಟರ್ ಹಾರುತ್ತಿದೆ. ರೈತನೂ ಅಂಗಡಿಯವನೂ ಕೊಟ್ಟ ಹಣದ ಸೇವೆಯನ್ನು ಊರು ತನ್ನದೆಂದೇ ಕಾಯುತ್ತದೆ. ಅದರ ನಿಜವಾದ ಬೆಲೆ ಇರುವುದು ಅಲ್ಲಿ.

ಇಂಥ ಹೆಲಿಕಾಪ್ಟರ್ ನಮ್ಮ ಹೊಳೆಸಾಲಿಗೂ ಬೇಕು. ಖರ್ಚು ದೊಡ್ಡದು, ನಿಜ. ದಟ್ಟ ಮೋಡದಲ್ಲಿ ಹೆಲಿಕಾಪ್ಟರ್ ಹಾರಲಾರದು, ಆದ್ದರಿಂದ ಬೋಟುಗಳೂ ಈಜು ಬಲ್ಲ ಯುವಕರೂ ಬೇಕೇ ಬೇಕು. ಆದರೆ 1939ರ ಉಗಾರ ಶುಗರ್ಸ್‌ನಿಂದ ಮೊದಲಾಗಿ ಇಲ್ಲಿ ಸಕ್ಕರೆ ಕಾರ್ಖಾನೆಗಳ ಸಾಲೇ ಇದೆ. ಟನ್ ಕಬ್ಬಿಗೆ ಒಂದು ರೂಪಾಯಿ ರೈತ ಕೊಡಲಿ, ಒಂದು ರೂಪಾಯಿ ಕಾರ್ಖಾನೆ ಸೇರಿಸಲಿ. ಇಳಿದಾಣಕ್ಕೆ ಎತ್ತರದ ಶಾಲಾ ಮೈದಾನಗಳನ್ನು ಊರವರು ಗುರುತಿಸಲಿ. ಮಠಗಳು, ಸಹಕಾರಿ ಸಂಘಗಳು, ಪುಣೆ–ಮುಂಬೈಗಳಲ್ಲಿ ದುಡಿಯುವ ನಮ್ಮವರು ಮುಂದಿನ ಮಳೆಗಾಲಕ್ಕೆ ಮೊದಲೇ ಒಂದೆಡೆ ಕೂತು ಮಾತು ಶುರುಮಾಡಬೇಕು.