ಕೀಲು ಕಳಚಿದ ಮೂಳೆಗಳು ಹೇಳುವ ಚರಿತ್ರೆ

ಮೊಳಕಾಲ್ಮೂರು ಎಂಬ ಹೆಸರಿನಲ್ಲಿಯೇ ‘ಮೊಳಕಾಲು’ ಎಂಬ ಪದ ಕೇಳಿಸುತ್ತದೆ. ಹೆಸರಿನ ವ್ಯುತ್ಪತ್ತಿಯ ಚರ್ಚೆ ಇಲ್ಲಿ ಬೇಡ. ಆದರೆ ಮೊಳಕಾಲಿನಂತಹ ಕೀಲುಗಳ ಬಗ್ಗೆ ಒಂದಿಷ್ಟು ತಿಳಿದವರಿಗೆ ಈ ಸೀಮೆಯ ಪ್ರಾಚೀನ ಚರಿತ್ರೆಯ ಒಂದು ಪುಟ ಸುಲಭವಾಗಿ ಅರ್ಥವಾಗುತ್ತದೆ. ಅದನ್ನೇ ಈ ಬಾರಿ ಬರೆಯುತ್ತಿದ್ದೇನೆ.

ಚಳ್ಳಕೆರೆಯಿಂದ ಬಳ್ಳಾರಿಯ ರಸ್ತೆ ಹಿಡಿದು, ತ.ರಾ.ಸು. ಅವರ ತಳುಕು ಗ್ರಾಮವನ್ನು ದಾಟಿ, ಹಾನಗಲ್ಲಿನಲ್ಲಿ ತಿರುಗಿದರೆ ಮೊಳಕಾಲ್ಮೂರು. ಆ ತಾಲ್ಲೂಕಿನ ಸಿದ್ದಾಪುರದ ಬಳಿ ಬ್ರಹ್ಮಗಿರಿ ಇದೆ. ಇಲ್ಲಿನ ಬಂಡೆಯ ಮೇಲಿರುವ ಅಶೋಕನ ಶಾಸನವನ್ನು ಬಿ.ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದರು. ತಂದೆತಾಯಿಗಳ ಮಾತನ್ನು ಕೇಳಬೇಕು, ಶಿಷ್ಯನು ಆಚಾರ್ಯನನ್ನು ಗೌರವಿಸಬೇಕು ಎಂಬ ಆದೇಶ ಅದರಲ್ಲಿದೆ. ಮೇಷ್ಟರುಗಳಿಗೆ ಇದಕ್ಕಿಂತ ಪ್ರಿಯವಾದ ಶಾಸನ ಇನ್ನೊಂದಿಲ್ಲ!

ಶಾಸನವನ್ನು ನೋಡಲು ಹೋದವರಲ್ಲಿ ಹಲವರು ಅದೇ ಬೆಟ್ಟದ ತಪ್ಪಲಿನ ಕಲ್ಲಿನ ವೃತ್ತಗಳನ್ನು ಗಮನಿಸದೆ ಮರಳುತ್ತಾರೆ. ಅವು ಬೃಹತ್ ಶಿಲಾಯುಗದ ಗೋರಿಗಳು. ಇಂತಹ ಗೋರಿಗಳನ್ನು ನಮ್ಮ ನಾಡಿನ ಜನರು ‘ಮೋರಿಯರ ಮನೆ’ ಎಂದು ಕರೆಯುತ್ತಾ ಬಂದಿದ್ದಾರೆ. ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಡಾ. ಎಂ.ಎಚ್. ಕೃಷ್ಣ ಅವರು ಇಲ್ಲಿ ಮೊದಲು ಉತ್ಖನನ ನಡೆಸಿದರು. 1947ರಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣದ ಮಹಾನಿರ್ದೇಶಕರಾಗಿದ್ದ ಮಾರ್ಟಿಮರ್ ವೀಲರ್ ಅವರು ಹಲವು ಗೋರಿಗಳನ್ನು ಪದರಪದರವಾಗಿ ತೆರೆದರು. ನಾಲ್ಕು ದೊಡ್ಡ ಚಪ್ಪಡಿಗಳನ್ನು ಸ್ವಸ್ತಿಕದಂತೆ ಒಂದಕ್ಕೊಂದು ಆನಿಸಿ ನಿಲ್ಲಿಸಿದ ಕೋಣೆ. ಪೂರ್ವದ ಚಪ್ಪಡಿಯಲ್ಲಿ ದುಂಡನೆಯ ಕಿಂಡಿ. ಒಳಗೆ ಕಪ್ಪು-ಕೆಂಪು ಬಣ್ಣದ ಮಡಕೆಗಳು, ಕಬ್ಬಿಣದ ಉಪಕರಣಗಳು ಮತ್ತು ಮೂಳೆಗಳು.

ಆ ಮೂಳೆಗಳು ಪೂರ್ಣ ದೇಹದ ಕ್ರಮದಲ್ಲಿ ಇರಲಿಲ್ಲ. ಒಂದೇ ಕೋಣೆಯಲ್ಲಿ ಒಬ್ಬರಿಗಿಂತ ಹೆಚ್ಚು ಜನರ ಬಿಡಿ ಮೂಳೆಗಳು ದೊರೆತವು. ಇದರ ಅರ್ಥವೇನು? ಇಲ್ಲಿಯೇ ಜೀವಶಾಸ್ತ್ರದ ಪಾಠ ನೆರವಿಗೆ ಬರುತ್ತದೆ.

ವಯಸ್ಕರ ದೇಹದಲ್ಲಿ ಸಾಮಾನ್ಯವಾಗಿ 206 ಮೂಳೆಗಳಿವೆ. ಮೊಳಕಾಲಿನಲ್ಲಿ ತೊಡೆಮೂಳೆ, ಕಣಕಾಲಿನ ದೊಡ್ಡ ಮೂಳೆ ಮತ್ತು ಚಿಪ್ಪು ಸೇರಿ ಕೀಲು ಆಗುತ್ತದೆ. ಇವುಗಳನ್ನು ಬಿಗಿದು ಹಿಡಿದಿರುವುದು ಮೂಳೆಯಲ್ಲ, ಅಸ್ಥಿರಜ್ಜುಗಳೆಂಬ ಗಟ್ಟಿ ಪಟ್ಟಿಗಳು. ಸತ್ತ ಮೇಲೆ ಅವು ಕೊಳೆಯುತ್ತವೆ. ಸಾಮಾನ್ಯವಾಗಿ ಕೈಬೆರಳು, ಪಾದದ ಮುಂಭಾಗಗಳ ಸಣ್ಣ ಕೀಲುಗಳು ಬೇಗ ಬಿಡುತ್ತವೆ; ದೇಹದ ಭಾರ ಹೊರುವ ಸೊಂಟ, ಮೊಳಕಾಲುಗಳ ಕೀಲುಗಳು ತಡವಾಗಿ ಬಿಡುತ್ತವೆ. ಸತ್ತ ಕೂಡಲೆ ಹೂಳಿದ ದೇಹವನ್ನು ಯಾರೂ ಕದಲಿಸದಿದ್ದರೆ ಬೆರಳಿನ ಮೂಳೆಗಳು ಕೂಡ ಬಹುಮಟ್ಟಿಗೆ ತಮ್ಮ ಸ್ಥಾನದಲ್ಲಿಯೇ ಉಳಿಯುತ್ತವೆ. ಬೇರೆಡೆ ಇಟ್ಟು, ಕೀಲು ಕಳಚಿದ ಮೇಲೆ ಆರಿಸಿ ತಂದಿದ್ದರೆ ತಲೆಬುರುಡೆ, ಉದ್ದ ಮೂಳೆಗಳು ಬರುತ್ತವೆ. ಸಣ್ಣವು ಹಿಂದೆಯೇ ಉಳಿದುಬಿಡುತ್ತವೆ.

ಬ್ರಹ್ಮಗಿರಿಯ ಜನರು ದೇಹವನ್ನು ಮೊದಲು ಬೇರೊಂದೆಡೆ ಬಯಲಿಗೆ ಒಡ್ಡಿ, ಅನಂತರ ಮೂಳೆಗಳನ್ನು ಕಲ್ಲಿನ ಕೋಣೆಗೆ ತಂದರೆಂದು ವೀಲರ್ ನಿರ್ಣಯಿಸಿದರು. ಅಂದರೆ ಸತ್ತವರನ್ನು ಬಿಟ್ಟು ಬಂದು ಅವರು ಮರೆತವರಲ್ಲ. ಕಾದಿದ್ದರು, ಮತ್ತೆ ಹೋದರು, ಆರಿಸಿದರು. ದಹನವಾದ ಮೇಲೆ ಅಸ್ಥಿಸಂಚಯನಕ್ಕೆ ಹೋಗುವ ನಮಗೆ ಈ ಮನಸ್ಸು ಅಪರಿಚಿತವೇನಲ್ಲ. ಅದಕ್ಕೂ ಹಿಂದಿನ ಪದರದಲ್ಲಿ, ಕಲ್ಲುಕೊಡಲಿಯ ಕಾಲದ ಜನರು ಎಳೆಯ ಮಕ್ಕಳನ್ನು ಮಡಕೆಯಲ್ಲಿಟ್ಟು ಹೂಳಿದ್ದುದೂ ಇಲ್ಲಿಯೇ ಕಂಡುಬಂದಿತು.

ವೀಲರ್ ಅವರ ಕಾಲನಿರ್ಣಯ ಮಾತ್ರ ನಿಲ್ಲಲಿಲ್ಲ. ಈ ಗೋರಿಗಳ ಸಂಸ್ಕೃತಿ ಕ್ರಿ.ಪೂ. 200ರ ಸುಮಾರಿಗೆ ಆರಂಭವಾಯಿತೆಂದು ಅವರು ಭಾವಿಸಿದ್ದರು. ಮುಂದೆ ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ ದೊರೆತ ಇಂಗಾಲ ಪರೀಕ್ಷೆಯ ಆಧಾರಗಳು ನಮ್ಮ ನಾಡಿನ ಕಬ್ಬಿಣದ ಬಳಕೆಯನ್ನು ಕ್ರಿ.ಪೂ. 1000ದ ಸುಮಾರಿಗೆ ಒಯ್ದವು. ಹಾಗಾಗಿ ಅಶೋಕನ ಲಿಪಿಕಾರ ಉಳಿ ಹಿಡಿಯುವ ಎಷ್ಟೋ ಶತಮಾನಗಳ ಮೊದಲೇ ನಮ್ಮ ನಾಡಿನಲ್ಲಿ ಕಬ್ಬಿಣ ಬಲ್ಲ ಜನರು ನೆಲೆಸಿದ್ದರು.

ಆ ಜನರು ಅಕ್ಷರ ಬಿಟ್ಟುಹೋಗಲಿಲ್ಲ. ಅವರ ವಿಷಯ ತಿಳಿಯುವುದು ಮೂಳೆ, ಮಡಕೆ, ಕಲ್ಲುಗಳು ಇದ್ದ ಸ್ಥಾನದಿಂದ. ನಿಧಿಯ ಆಸೆಗೆ ಚಪ್ಪಡಿಯನ್ನು ಎತ್ತಿದವನಿಗೆ ಚಿನ್ನ ಸಿಗುವುದಿಲ್ಲ. ತುಕ್ಕು ಹಿಡಿದ ಕಬ್ಬಿಣ, ಒಡೆದ ಮಡಕೆ ಸಿಗುತ್ತವೆ. ಆದರೆ ಯಾವ ಮೂಳೆ ಯಾವುದರ ಪಕ್ಕದಲ್ಲಿತ್ತು ಎಂಬುದು ಶಾಶ್ವತವಾಗಿ ನಾಶವಾಗುತ್ತದೆ. ಕದಲಿದ ಮೂಳೆಯನ್ನು ಮತ್ತೆ ಅಲ್ಲಿಯೇ ಇಟ್ಟರೂ ಅದು ಸಾಕ್ಷಿ ನುಡಿಯದು.

ಆ ಕಡೆ ಹೊಲಗದ್ದೆ ಉಳ್ಳ ನನ್ನ ಶಿಷ್ಯರಲ್ಲಿ ಒಂದು ಮಾತು. ಉಳುವಾಗ ಚಪ್ಪಡಿ ತಗುಲಿದರೆ, ಗುಂಡುಗಳು ವೃತ್ತಾಕಾರವಾಗಿ ಕಂಡರೆ, ದಯವಿಟ್ಟು ಕದಲಿಸಬೇಡಿ. ಪುರಾತತ್ವ ಇಲಾಖೆಯವರಿಗೆ ತಿಳಿಸಿ. ಅವರು ಬಂದು ನೋಡುವ ತನಕ ಆ ನಾಲ್ಕು ಮಾರು ನೆಲವನ್ನು ಹಾಗೆಯೇ ಬಿಡಿ.